ಎರಡು ಚಕ್ರದ ದಾಯಾದಿಗಳು

ಕಾರು ನನ್ನನ್ನು ದಾಟಿ ಹೋದರೆ ನನಗೇನೂ ಅನ್ನಿಸುವುದಿಲ್ಲ. ಬಸ್ಸು ಹೋಗಲಿ, ಆಟೊ ಹೋಗಲಿ, ಸಿಲಿಂಡರ್ ತುಂಬಿದ ಗೂಡ್ಸ್ ಗಾಡಿ ಗಡಗಡ ಸದ್ದು ಮಾಡುತ್ತ ಹೋಗಲಿ, ಅವುಗಳ ಹೊಗೆ ಕುಡಿದು ಸುಮ್ಮನಿರುತ್ತೇನೆ. ಸ್ಕೂಟರಿನವರಂತೂ ಎಡದಿಂದಲೂ ದಾಟುತ್ತಾರೆ, ಬಲದಿಂದಲೂ ದಾಟುತ್ತಾರೆ, ಒಮ್ಮೊಮ್ಮೆ ಎದುರಿನಿಂದ ಬಂದೂ ದಾಟುತ್ತಾರೆ. ಆದರೆ ಹಿಂದಿನಿಂದ ಸಣ್ಣಗೆ ಚೈನಿನ ಸದ್ದು ಕೇಳಿಸಿ, ಬಲಗಡೆ ಮೊದಲು ಒಂದು ಹ್ಯಾಂಡಲ್, ಆಮೇಲೆ ಒಂದು ಮೊಣಕಾಲು, ಆಮೇಲೆ ಇಡೀ ಮನುಷ್ಯನೊಬ್ಬ ಸೈಕಲ್ ಸಮೇತ ಕಾಣಿಸಿಕೊಂಡು ನನ್ನ ಮುಂದೆ ಹೋಗಿಬಿಟ್ಟರೆ ಮಾತ್ರ ಹೊಟ್ಟೆಯೊಳಗೆ ಚುರುಕ್ ಅನ್ನುತ್ತದೆ.

ಇದು ದಾಯಾದಿ ಮತ್ಸರವೇ ಸರಿ. ಊರಿನ ಸಾಹುಕಾರ ಹತ್ತು ಎಕರೆ ತೆಂಗಿನ ತೋಟ ಕೊಂಡರೆ ಯಾರ ನಿದ್ದೆಯೂ ಕೆಡುವುದಿಲ್ಲ. ದೊಡ್ಡಪ್ಪನ ಮಗ ಅರ್ಧ ಎಕರೆ ಗದ್ದೆ ಕೊಂಡನಂತೆ ಅಂತ ಸುದ್ದಿ ಬಂದ ರಾತ್ರಿ ಮನೆಮಂದಿಯೆಲ್ಲ ಎಚ್ಚರ. ಕಾರಿನವನು ಸಾಹುಕಾರ. ಅವನಿಗೆ ಎಂಜಿನ್ ಇದೆ, ಪೆಟ್ರೋಲ್ ಇದೆ, ಮುಂದೆ ಹೋಗುವುದು ಅವನ ಹಣೆಯಲ್ಲಿ ಬರೆದದ್ದು. ಸೈಕಲ್ಲಿನವನಿಗೆ ನನ್ನ ಹಾಗೆಯೇ ಎರಡು ಕಾಲು, ಎರಡು ಪೆಡಲು, ಬೆಳಿಗ್ಗೆ ತಿಂದ ಇಡ್ಲಿಯೋ ಉಪ್ಪಿಟ್ಟೋ. ಒಂದೇ ಆಸ್ತಿಯ ಸಮಪಾಲುದಾರರು ನಾವು. ಹೀಗಿದ್ದೂ ಅವನು ಮುಂದೆ ಹೋದನೆಂದರೆ ಎಲ್ಲೋ ಪಾಲು ತಪ್ಪಿದೆ ಅಂತಲೇ ಅರ್ಥ.

ದಟ್ಟಗಳ್ಳಿಯಿಂದ ಊರ ನಡುವಿನ ನನ್ನ ಕಚೇರಿಗೆ ಆರು ಕಿಲೋಮೀಟರ್. ಕುವೆಂಪುನಗರ, ಸರಸ್ವತೀಪುರಂ, ಕುಕ್ಕರಹಳ್ಳಿಯ ರೈಲ್ವೆ ಗೇಟು, ಆಮೇಲೆ ಪೇಟೆ. ಮೈಸೂರು ಸೈಕಲ್ಲಿಗೆ ಒಗ್ಗುವ ಊರು. ಬಾಡಿಗೆ ಸೈಕಲ್ ಅಂಗಡಿಗಳಲ್ಲಿ ಗಂಟೆ ಲೆಕ್ಕದಲ್ಲಿ ಸೈಕಲ್ ತಂದು, ಸೀಟು ಎಟುಕದೆ ಒಳಪೆಡಲ್ ತುಳಿದು, ಮೊಣಕಾಲು ತರಚಿಸಿಕೊಂಡು ಕಲಿತ ತಲೆಮಾರು ನಮ್ಮದು. ಆ ಅಂಗಡಿಗಳು ಮುಚ್ಚಿದ ಎಷ್ಟೋ ವರ್ಷದ ಮೇಲೆ, 2017ರಲ್ಲಿ, ಸರ್ಕಾರವೇ ‘ಟ್ರಿಣ್ ಟ್ರಿಣ್’ ಅಂತ ಹೆಸರಿಟ್ಟು 450 ಬಾಡಿಗೆ ಸೈಕಲ್ಲುಗಳನ್ನು ಬೀದಿಗಿಳಿಸಿತು. ಕಾರ್ಡು ಉಜ್ಜಿದರೆ ಸೈಕಲ್ಲು. ಠೇವಣಿಯಾಗಿ ಅಪ್ಪನ ಹೆಸರು ಹೇಳಬೇಕಾದ ಕಾಲ ಮುಗಿದಿತ್ತು. ಅರಮನೆ ನೋಡಲು ಬಂದ ಪ್ರವಾಸಿಯೊಬ್ಬರು ಆ ಗಡುಸು ಸೈಕಲ್ಲಿನ ಮೇಲೆ ಫೋಟೊ ತೆಗೆಯುತ್ತಲೇ ನನ್ನನ್ನು ದಾಟಿ ಹೋದದ್ದೂ ಉಂಟು. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ನನ್ನ ಖಾಯಂ ದಾಯಾದಿ ಬೇರೆ. ವಯಸ್ಸು ಅರವತ್ತರ ಹತ್ತಿರ. ನೀಲಿ ಶರ್ಟು, ಭುಜದ ಮೇಲೆ ಸೆಕ್ಯೂರಿಟಿ ಏಜೆನ್ಸಿಯ ಪಟ್ಟಿ, ಹ್ಯಾಂಡಲ್ಲಿಗೆ ನೇತುಬಿದ್ದ ಟಿಫನ್ ಕ್ಯಾರಿಯರ್ ಚೀಲ. ಕೆಳಗೆ 22 ಇಂಚಿನ ಕಪ್ಪು ಅಟ್ಲಾಸ್. ಸರಳಿನ ಬ್ರೇಕು, ಚೈನಿಗೆ ಪೂರ್ತಿ ಕವರು, ಹಿಂದಿನ ಮಡ್‌ಗಾರ್ಡಿಗೆ ಬಿಳಿ ಬಣ್ಣ. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ಸರಿಯಾಗಿ ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿತು. ಈ ಯಜಮಾನರ ಸೈಕಲ್ಲಿಗೆ ಆ ಸುದ್ದಿ ಇನ್ನೂ ಮುಟ್ಟಿದ ಹಾಗಿಲ್ಲ. ಬೆಳಿಗ್ಗೆ ಎಂಟು ದಾಟಿದ ಮೇಲೆ, ನಾನು ಕುವೆಂಪುನಗರದ ಜೋಡಿ ರಸ್ತೆಯಲ್ಲಿರುವಾಗ, ಹಿಂದಿನಿಂದ ಕಿರ್ ಕಿರ್ ಅಂತ ಒಂದು ಸದ್ದು ಬರುತ್ತದೆ. ಪಾದದ ನಡುಭಾಗವನ್ನು ಪೆಡಲ್ ಮೇಲಿಟ್ಟು, ಮೊಣಕಾಲುಗಳನ್ನು ಹೊರಗೆ ಚಾಚಿ, ದೇವಸ್ಥಾನದ ಪ್ರಾಂಗಣದಲ್ಲಿ ಪ್ರದಕ್ಷಿಣೆ ಹಾಕುವ ನಿರಾಳದಲ್ಲಿ ನನ್ನನ್ನು ದಾಟುತ್ತಾರೆ. ಉಸಿರು ಸಹ ಏರಿರುವುದಿಲ್ಲ.

ನನ್ನದೋ 21 ಗೇರಿನ ಸೈಕಲ್. ಮುಂದೆ ಮೂರು ಹಲ್ಲುಗಾಲಿ, ಹಿಂದೆ ಏಳು. ಬೆಟ್ಟಗುಡ್ಡ ಹತ್ತುವುದಕ್ಕೆಂದು ಮಾಡಿದ ದಪ್ಪ ಟೈರು, ಮುಂದೆ ಕುಲುಕಾಡುವ ಸ್ಪ್ರಿಂಗಿನ ಫೋರ್ಕು. ಅಂಗಡಿಯಲ್ಲಿ ನೋಡಲು ಅದು ಅಟ್ಲಾಸಿನ ಮೊಮ್ಮಗನ ಹಾಗೆ ಠೀವಿಯಿಂದ ನಿಂತಿತ್ತು. ರಸ್ತೆಗೆ ಬಂದ ಮೇಲೆ ಗೊತ್ತಾಯಿತು, ದಪ್ಪ ಟೈರಿನ ಗುಬುಟುಗಳು ಟಾರು ರಸ್ತೆಯಲ್ಲಿ ಗುಂಯ್ ಅಂತ ಹಾಡುವುದಕ್ಕೇ ನನ್ನ ಶಕ್ತಿಯಲ್ಲಿ ಒಂದು ಪಾಲು ತಿನ್ನುತ್ತವೆ; ಜೋರಾಗಿ ತುಳಿದರೆ ಆ ಸ್ಪ್ರಿಂಗು ಒತ್ತಿ ಒತ್ತಿ ಇನ್ನೊಂದು ಪಾಲನ್ನು ನುಂಗುತ್ತದೆ. ಅಟ್ಲಾಸಿನ ಲೆಕ್ಕ ಸರಳ. ಅಂಥ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಮುಂದಿನ ಹಲ್ಲುಗಾಲಿಗೆ 44 ಹಲ್ಲು, ಹಿಂದಿನದಕ್ಕೆ 18. 28 ಇಂಚಿನ ದೊಡ್ಡ ಚಕ್ರ. ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಸುಮಾರು ಐದೂವರೆ ಮೀಟರ್ ಮುಂದೆ. ಸೆಕೆಂಡಿಗೆ ಒಂದು ಸುತ್ತಿನಂತೆ, ಗಡಿಯಾರದ ಮುಳ್ಳಿಗೆ ತಾಳ ಹಾಕಿದ ಹಾಗೆ ತುಳಿಯುತ್ತಿದ್ದರೆ ಗಂಟೆಗೆ 20 ಕಿಲೋಮೀಟರ್ ಸಮೀಪ. ಗೇರು ಬದಲಿಸುವ ಯೋಚನೆಯಿಲ್ಲ, ಯಾವ ಗೇರಿನಲ್ಲಿದ್ದೇನೆ ಅಂತ ಬಗ್ಗಿ ನೋಡುವ ಕಷ್ಟವೂ ಇಲ್ಲ.

ಈ ಲೆಕ್ಕವೆಲ್ಲ ತಿಳಿಯುವುದಕ್ಕೆ ಮೊದಲು ನಾನು ಸೈಕಲ್ಲನ್ನು ಪಂಚರ್ ಅಂಗಡಿಯವನ ಹತ್ತಿರ ತಳ್ಳಿಕೊಂಡು ಹೋದೆ. “ಏನೋ ಹಿಡಿದುಕೊಳ್ಳುತ್ತಾ ಇದೆ ನೋಡಪ್ಪ, ತುಳಿದರೂ ಓಡುತ್ತಿಲ್ಲ” ಅಂದೆ. ಅವನು ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಹಿಂದಿನ ಚಕ್ರ ತಿರುಗಿಸಿದ. ತಿರುಗಿತು. ಅವನು ಬೀಡಿ ಹಚ್ಚಿದ, ಚಕ್ರ ತಿರುಗುತ್ತಲೇ ಇತ್ತು. ಪಕ್ಕದ ಸ್ಕೂಟರಿಗೆ ಗಾಳಿ ಹೊಡೆದು ಕಾಸು ಇಸಿದುಕೊಂಡು ಬಂದ, ಆಗಲೂ ಅದು ಟಿಕ್ ಟಿಕ್ ಅಂತ ತಿರುಗುತ್ತಿತ್ತು. ಚಕ್ರವನ್ನೊಮ್ಮೆ, ನನ್ನ ಸೊಂಟದ ಸುತ್ತಳತೆಯನ್ನೊಮ್ಮೆ ನೋಡಿ, “ಸೈಕಲ್ ಸರಿಯಾಗೈತೆ ಸಾ” ಅಂದ. ‘ಸೈಕಲ್’ ಅನ್ನುವಲ್ಲಿ ಸ್ವಲ್ಪ ಒತ್ತು ಇತ್ತು ಅಂತ ನನ್ನ ಹೆಂಡತಿಗೆ ಹೇಳಿದೆ. ಅವಳು ಆ ಅಂಗಡಿಯವನು ಬುದ್ಧಿವಂತ ಅಂದಳು.

ಹಿಂದೆ ಬಿದ್ದವನಿಗೆ ಕಾರಣಗಳು ಬೇಕು. ಎದುರು ಗಾಳಿ ಒಂದು ಒಳ್ಳೆಯ ಕಾರಣ. ಅದು ದಾಟಿದವನಿಗೂ ಎದುರೇ ಇತ್ತು ಅನ್ನುವುದನ್ನು ನೆನೆಯಬಾರದು. ಬ್ಯಾಗಿನ ಭಾರ ಇನ್ನೊಂದು. ಮೊದಲಾದರೆ ಡೈನಮೊ ಇತ್ತು. ಟೈರಿಗೆ ಉಜ್ಜಿಕೊಂಡು ಅದು ಕೊಡುತ್ತಿದ್ದದ್ದು ಮೂರು ವ್ಯಾಟ್ ಬೆಳಕು, ಕೇಳುತ್ತಿದ್ದದ್ದು ಒಂದು ಮೂಟೆ ಹೊತ್ತಷ್ಟು ಶ್ರಮ. ಕತ್ತಲಲ್ಲಿ ದೀಪವಿಲ್ಲದೆ ಹೋದರೆ ಪೊಲೀಸಿನವನು ಚಕ್ರದ ಗಾಳಿ ಬಿಡುತ್ತಿದ್ದ ಕಾಲ ಅದು. ಆಗ ಯಾರು ದಾಟಿದರೂ “ಡೈನಮೊ ಹಾಕಿದೀನಿ” ಅಂತ ಸಮಾಧಾನ ಮಾಡಿಕೊಳ್ಳಬಹುದಿತ್ತು. ಈಗಿನ ದೀಪಗಳು ಬ್ಯಾಟರಿಯವು. ಸಬೂಬಿನ ದೊಡ್ಡ ಆಸರೆಯೊಂದು ಹೋಯಿತು.

ದಾಟುವುದಕ್ಕೂ ದಾಟಿಸಿಕೊಳ್ಳುವುದಕ್ಕೂ ಮರ್ಯಾದೆಗಳಿವೆ, ಯಾರೂ ಬರೆದಿಟ್ಟಿಲ್ಲ. ದಾಟುವವನು ಪಕ್ಕದವನ ಮುಖ ನೋಡಬಾರದು. ದಾಟಿಸಿಕೊಂಡವನು ಆ ಹೊತ್ತಿಗೆ ಸರಿಯಾಗಿ ಯಾವುದಾದರೂ ಮರವನ್ನೋ, ಬೋರ್ಡನ್ನೋ ಆಸಕ್ತಿಯಿಂದ ನೋಡುತ್ತಿರಬೇಕು, ತಾನು ನಿಸರ್ಗ ವೀಕ್ಷಣೆಗೇ ಬಂದವನು ಅನ್ನುವ ಹಾಗೆ. ದಾಟಿದ ಮೇಲೆ ವೇಗ ಇಳಿಸುವಂತಿಲ್ಲ. ಅದು ಬಹಳ ಕಷ್ಟದ್ದು. ಒಮ್ಮೆ ಉತ್ಸಾಹದಲ್ಲಿ ಒಬ್ಬನನ್ನು ಹಿಂದಿಕ್ಕಿ, ಆಮೇಲೆ ಅವನ ಕಣ್ಣಿಗೆ ಬೀಳದಷ್ಟು ದೂರ ಹೋಗುವುದಕ್ಕೆ ಬೇಕಾದ ಉಸಿರಿಲ್ಲದೆ, ಬೇಡದ ಅಡ್ಡರಸ್ತೆಗೆ ತಿರುಗಿ ಮರೆಯಾಗಿ ಕಾದದ್ದಿದೆ. ಅವನು ಹೋದ ಮೇಲೆ ಹೊರಬಂದು ನನ್ನ ದಾರಿ ಹಿಡಿದೆ.

ಇಷ್ಟೆಲ್ಲ ಹೆಣಗಿ ಗಳಿಸುವುದಾದರೂ ಎಷ್ಟು? ಗಂಟೆಗೆ 15 ಕಿಲೋಮೀಟರಿನಲ್ಲಿ ಆರು ಕಿಲೋಮೀಟರಿಗೆ 24 ನಿಮಿಷ, 18ರಲ್ಲಿ 20 ನಿಮಿಷ. ನಾಲ್ಕು ನಿಮಿಷದ ಲಾಭ. ಖರ್ಚಿನ ಕಡೆ ನೋಡಿದರೆ ಗಾಳಿ ಕ್ರೂರ ಲೇವಾದೇವಿಗಾರ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಐದನೇ ಒಂದು ಪಾಲು ಹೆಚ್ಚಿಸಿದರೆ ಗಾಳಿಗೆ ಸಲ್ಲಬೇಕಾದದ್ದು ಮುಕ್ಕಾಲು ಪಾಲಿನಷ್ಟು ಹೆಚ್ಚು. ಇಮ್ಮಡಿ ಮಾಡಿದರೆ ಎಂಟು ಪಟ್ಟು. ಇಷ್ಟು ತೆತ್ತು ಉಳಿಸಿದ ನಾಲ್ಕು ನಿಮಿಷವನ್ನು ಕುಕ್ಕರಹಳ್ಳಿ ರೈಲ್ವೆ ಗೇಟು ಒಂದೇ ಏಟಿಗೆ ವಸೂಲು ಮಾಡುತ್ತದೆ. ಚಾಮರಾಜನಗರದ ಕಡೆಯ ರೈಲು ಬರುವುದಿದ್ದರೆ ಗೇಟು ಬಿದ್ದಿರುತ್ತದೆ. ನನ್ನನ್ನು ದಾಟಿ ಹೋದವರೆಲ್ಲ ಅಲ್ಲಿ ಒಂದು ಕಾಲು ನೆಲಕ್ಕೂರಿ ನಿಂತಿರುತ್ತಾರೆ. ನಾನು ನಿಧಾನವಾಗಿ ಬಂದು, ಪಕ್ಕದಲ್ಲಿ ನಿಂತು, ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತೇನೆ. ಭಾರತೀಯ ರೈಲ್ವೆಯ ಮೇಲೆ ನನಗೆ ಗೌರವ ಹುಟ್ಟುವ ಗಳಿಗೆ ಅದು.

ಸಂಜೆ ವಾಪಸು ಬರುವಾಗ ಶಾಲೆ ಬಿಟ್ಟ ಹುಡುಗಿಯರು ಸಿಗುತ್ತಾರೆ. 2006-07ರಿಂದ ನಮ್ಮ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತಲ್ಲ, ಆ ಬಗೆಯ ಸೈಕಲ್ಲುಗಳು. ಅಕ್ಕನದು ತಂಗಿಗೆ, ತಂಗಿಯದು ಪಕ್ಕದ ಮನೆಯವಳಿಗೆ ಬಂದು ಇನ್ನೂ ಓಡುತ್ತಿವೆ. ಮೂವರು ಸಾಲಾಗಿ ರಸ್ತೆ ತುಂಬ ಬರುತ್ತಾರೆ. ಗಣಿತದ ಮಿಸ್ಸು ಏನಂದರು, ಯಾರ ಟಿಫನ್ ಬಾಕ್ಸು ಯಾರು ಖಾಲಿ ಮಾಡಿದರು ಅನ್ನುವ ಮಾತು ಒಂದು ಕ್ಷಣವೂ ನಿಲ್ಲುವುದಿಲ್ಲ. ನನ್ನ ಹತ್ತಿರ ಬಂದಾಗ ಸಾಲು ಎರಡಾಗಿ ಒಡೆದು ಆಚೆಗೊಬ್ಬಳು ಈಚೆಗಿಬ್ಬರು ಹೋಗುತ್ತಾರೆ, ಮಾತು ನನ್ನ ತಲೆಯ ಮೇಲಿಂದ ಹೋಗುತ್ತದೆ, ಮುಂದೆ ಹೋಗಿ ಮತ್ತೆ ಸಾಲು ಕೂಡಿಕೊಳ್ಳುತ್ತದೆ. ಇವರ ಮೇಲೆ ನನಗೆ ಮತ್ಸರವಿಲ್ಲ. ಅವರಿಗೆ ನಾನು ಕಂಡೇ ಇರುವುದಿಲ್ಲ. ಒಂದು ಸ್ಪೀಡ್ ಬ್ರೇಕರ್ ಬಂದು ಹೋಯಿತು, ಅಷ್ಟೆ.

ಬೋಗಾದಿ ದಾಟಿ ಗದ್ದಿಗೆ ರಸ್ತೆಗೋ, ಚಾಮುಂಡಿ ಬೆಟ್ಟಕ್ಕೋ ಮುಂಜಾನೆಯೇ ಹೋಗಿ ಬೆವರು ಹರಿಸಿಕೊಂಡು ವಾಪಸಾಗುವ ಬಿಗಿಬಟ್ಟೆಯವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವರ ಸೈಕಲ್ಲನ್ನು ಕಿರುಬೆರಳಲ್ಲಿ ಎತ್ತಬಹುದು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಸೈಕಲ್ಲಿನ ತೂಕ 6.8 ಕಿಲೋಗಿಂತ ಕಡಿಮೆ ಇರಕೂಡದು ಅಂತ ನಿಯಮವೇ ಇದೆಯಂತೆ. ನನ್ನ ಊಟದ ಡಬ್ಬಿ, ನೀರಿನ ಬಾಟಲಿ, ರೇನ್‌ಕೋಟು, ಬೀಗದ ಸರಪಳಿ ಸೇರಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಅವರು ದೂರದ ಬಂಧುಗಳು, ಪಾಲಿಗೆ ಬರುವವರಲ್ಲ. ಅವರಲ್ಲೊಬ್ಬರು ಗೇಟಿನಲ್ಲಿ ನಿಂತಾಗ ಬ್ರೆವೆ ಅನ್ನುವ ದೂರದ ಸವಾರಿಯ ವಿಷಯ ಹೇಳಿದರು. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು, ಅಷ್ಟೆ; ಮೊದಲು ಬಂದವರು, ಕೊನೆಗೆ ಬಂದವರು ಅಂತ ಇಲ್ಲ. ಭಾಗಿಸಿ ನೋಡಿದೆ. ಗಂಟೆಗೆ 15 ಕಿಲೋಮೀಟರಿಗಿಂತ ಕೂದಲೆಳೆ ಕಡಿಮೆ. ನನ್ನದೇ ವೇಗ! ಉಳಿದ 194 ಕಿಲೋಮೀಟರ್ ಒಂದು ಸಣ್ಣ ವಿವರ. ಈ ಹುಮ್ಮಸ್ಸನ್ನು ಕಚೇರಿಯ ಗೆಳೆಯರೊಬ್ಬರ ಮುಂದೆ ತೋಡಿಕೊಂಡೆ. ಅವರು ಬಾಗಲಕೋಟೆಯವರು. ಆ ಜಿಲ್ಲೆಯೂ ಪಕ್ಕದ ವಿಜಯಪುರವೂ ರಾಜ್ಯದ ತಂಡಕ್ಕೆ, ದೇಶದ ತಂಡಕ್ಕೆ ಸೈಕಲ್ ಪಟುಗಳನ್ನು ಕೊಡುತ್ತ ಬಂದಿವೆ. ಅವರು ಚಹಾದ ಲೋಟ ಕೆಳಗಿಟ್ಟು, “ನಮ್ಮ ಕಡೆ ನಿಮ್ಮಂಥವರನ್ನ ದಾಟಿದ್ದನ್ನ ಯಾರೂ ಲೆಕ್ಕಕ್ಕ ಹಿಡಿಯಂಗಿಲ್ರಿ” ಅಂದರು.

ಹಾಗಂತ ನಾನು ಯಾರನ್ನೂ ದಾಟಿಲ್ಲವೆಂದಲ್ಲ. ಎಳನೀರಿನ ಗೊನೆಗಳನ್ನು ಎರಡೂ ಕಡೆ ಇಳಿಬಿಟ್ಟುಕೊಂಡು ಏರಿನಲ್ಲಿ ಸೈಕಲ್ ತಳ್ಳುವವನನ್ನು ದಾಟಿದ್ದೇನೆ, ಬಲೂನು ಮಾರುವವನನ್ನು ದಾಟಿದ್ದೇನೆ. ದಾಟಬಹುದಾಗಿದ್ದೂ ದಾಟದೆ ಉಳಿದದ್ದು ಒಂದೇ ಸಂದರ್ಭದಲ್ಲಿ. ಸರಸ್ವತೀಪುರಂನಲ್ಲಿ ಮುಂದೆ ಒಂದು ಬಿಳಿ ಜುಬ್ಬಾ ನಿಧಾನವಾಗಿ ಹೋಗುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಹೈಸ್ಕೂಲಿನಲ್ಲಿ ನಮಗೆ ಬೀಜಗಣಿತ ಹೇಳಿಕೊಟ್ಟ ಮೇಷ್ಟ್ರು. ಎಂಬತ್ತು ದಾಟಿರಬೇಕು. ದಾಟುವುದು ಹೇಗೆ? ಅವರ ಮುಂದೆ ನಾವು ಎದೆಯುಬ್ಬಿಸಿ ನಡೆದವರಲ್ಲ. ಬೆಲ್ ಮಾಡುವುದಂತೂ ದೂರವೇ ಉಳಿಯಿತು. ಇಳಿದು ನಮಸ್ಕಾರ ಮಾಡೋಣವೆಂದರೆ ಅವರೂ ಇಳಿಯುತ್ತಾರೆ, ಆ ವಯಸ್ಸಿನಲ್ಲಿ ಮತ್ತೆ ಹತ್ತಿಸುವುದು ಯಾರು? ಹಾಗಾಗಿ ಹಿಂದೆ ಹಿಂದೆಯೇ, ನಡೆಯುವವರೂ ನಮ್ಮನ್ನು ದಾಟುವ ವೇಗದಲ್ಲಿ ಹೋದೆ. ಬ್ಯಾಲೆನ್ಸಿಗಾಗಿ ಹ್ಯಾಂಡಲ್ ಆಚೀಚೆ ತಿರುಗಿಸುತ್ತ, ಬ್ರೇಕು ಕಿರುಗುಟ್ಟಿಸುತ್ತ. ಕೊನೆಗೆ ಅವರು ತಿರುಗದೆಯೇ ಎಡಗೈ ಬೀಸಿ, “ಯಾರಯ್ಯಾ ಅದು, ಆಗಿಂದ ಬೆನ್ನ ಹಿಂದೆ ಕೀಚ್ ಕೀಚ್ ಅಂತ? ಕಾಲಲ್ಲಿ ಶಕ್ತಿ ಇದ್ದರೆ ಮುಂದೆ ಹೋಗು, ಇಲ್ಲದಿದ್ದರೆ ಎಣ್ಣೆ ಬಿಡಿಸು!” ಅಂದರು. ತರಗತಿಯಲ್ಲಿ ಕೇಳಿದ್ದ ಅದೇ ಗಂಟಲು. ಲೆಕ್ಕ ಬಾರದ ಹುಡುಗ ಪಕ್ಕದ ರಸ್ತೆಗೆ ತಿರುಗಿಕೊಂಡ.

ಅಟ್ಲಾಸಿನ ಯಜಮಾನರ ಜೊತೆ ಮಾತಾದದ್ದೂ ಗೇಟಿನಲ್ಲೇ. ಅಷ್ಟರಲ್ಲಿ ನಾನೊಂದು ಉಪಾಯ ಕಲಿತಿದ್ದೆ. ಅವರು ದಾಟಿದ ಕೂಡಲೇ ಅವರ ಬೆನ್ನಿಗೆ ಅಂಟಿಕೊಂಡು ಹೋಗುವುದು. ಮುಂದಿನವನು ಗಾಳಿ ಸೀಳಿದರೆ ಹಿಂದಿನವನಿಗೆ ಶ್ರಮ ಕಡಿಮೆ. ಪಂದ್ಯದ ವೇಗದಲ್ಲಾದರೆ ಸುಮಾರು ಮೂರನೇ ಒಂದು ಪಾಲು ಉಳಿಯುತ್ತದೆ ಅಂತ ಲೆಕ್ಕ. ನಮ್ಮ ವೇಗಕ್ಕೆ ಉಳಿಯುವುದು ಅಷ್ಟಿಲ್ಲ. ಆದರೂ ಎದುರಿನವರ ಖರ್ಚಿನಲ್ಲಿ ಹೋಗುವ ಸುಖವೇ ಬೇರೆ. ಹಾಗೆ ಗೇಟಿನವರೆಗೆ ಬಂದು ಏದುಸಿರು ಬಿಡುತ್ತ ನಿಂತಾಗ ಅವರೇ ನಕ್ಕರು. “ಏನ್ ಯಜಮಾನ್ರೇ, ಡ್ಯೂಟಿಗೆ ಹೊತ್ತಾಯ್ತಾ?” ಅಂದೆ.

“ಡ್ಯೂಟಿ ಮುಗೀತು ಸಾ. ಮನೇಗ್ ಹೋಯ್ತಾ ಇವ್ನಿ.”

ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಅಪಾರ್ಟ್‌ಮೆಂಟಿನ ಗೇಟು ಕಾದು, ನಿದ್ದೆಗೆಟ್ಟು ಮನೆಗೆ ಹೋಗುತ್ತಿರುವ ಮನುಷ್ಯ! ನಾನು ಎಂಟು ಗಂಟೆ ನಿದ್ದೆ ಮಾಡಿ, ಎರಡು ಸಲ ಕಾಫಿ ಕುಡಿದು ಹೊರಟವನು. “ಅದೆಂಗೆ ಇಷ್ಟು ಜೋರು?” ಅಂತ ಕೇಳಿದೆ. “ರಾತ್ರಿಯೆಲ್ಲ ಒಂದೇ ಕುರ್ಚಿ ಮೇಲೆ ಕುಂತು ಕಾಲು ಜೋಮು ಹಿಡ್ದಿರ್ತದೆ ಸಾ. ತುಳುದ್ರೆ ಬುಡ್ತದೆ” ಅಂದರು. ಆಮೇಲೆ ಸ್ವಲ್ಪ ಸಂಕೋಚದಿಂದ, “ನಿಮ್ಮುನ್ನ ಫೈರ್ ಬ್ರಿಗೇಡ್ ಸ್ಟೇಷನ್ನಿಗಿಂತ ಮುಂಚೆ ದಾಟುದ್ರೆ ಟೈಮು ಸರಿಯಾಗದೆ ಅಂತ ಲೆಕ್ಕ. ಅಲ್ಲಿಗಂಟ ನೀವು ಸಿಗ್ನಿಲ್ಲ ಅಂದ್ರೆ ಲೇಟಾಯ್ತು ಅಂತ. ಒಂದ್ ದಿನ ನೀವು ರಜಾ ಹಾಕ್ಬುಟ್ರಿ ನೋಡಿ, ನಂಗೆ ಟೈಮೇ ತಿಳೀನಿಲ್ಲ” ಅಂದರು.

ಇಷ್ಟು ದಿನ ನಾನು ಪಂದ್ಯವೆಂದುಕೊಂಡದ್ದರಲ್ಲಿ ಅವರು ನನ್ನನ್ನು ಮೈಲಿಗಲ್ಲು ಮಾಡಿಕೊಂಡಿದ್ದರು. ಬೇಸರವಾಗಬೇಕಿತ್ತು. ಆಗಲಿಲ್ಲ, ನಂಬಿಕೆಗೆ ಅರ್ಹವಾದ ಮೈಲಿಗಲ್ಲಾಗುವುದಕ್ಕೂ ಶಿಸ್ತು ಬೇಕು. ಅಂದಿನಿಂದ ಮನೆ ಬಿಡುವ ಹೊತ್ತನ್ನು ತಪ್ಪಿಸುವುದಿಲ್ಲ, ರಜಾ ಹಾಕುವ ಮುನ್ನಾದಿನ ಗೇಟಿನಲ್ಲಿ ಒಂದು ಮಾತು ಹೇಳಿಯೂ ಬಿಡುತ್ತೇನೆ.

ಈಗ ಹೊಸದೊಂದು ವ್ಯಾಜ್ಯ ಹುಟ್ಟಿದೆ. ಊಟ ತಲುಪಿಸುವ ಹುಡುಗರು ಸಣ್ಣ ಎಲೆಕ್ಟ್ರಿಕ್ ಗಾಡಿಗಳಲ್ಲಿ ಬರುತ್ತಾರೆ. ಸೈಕಲ್ಲಿನಷ್ಟೇ ಗಾತ್ರ, ಸೈಕಲ್ಲಿನಷ್ಟೇ ಮೌನ. ಕಾಲುಗಳು ಮಾತ್ರ ಕದಲುವುದಿಲ್ಲ, ಕುರ್ಚಿಯಲ್ಲಿ ಕೂತವರ ಹಾಗೆ ಜೋಡಿಸಿಟ್ಟಿರುತ್ತವೆ. ಇವರು ದಾಟಿದರೆ ಹೊಟ್ಟೆ ಉರಿಯಬೇಕೋ ಬೇಡವೋ? ಕಾನೂನು ನೋಡಿದರೆ ಮೋಟಾರಿನ ಶಕ್ತಿ 250 ವ್ಯಾಟಿನೊಳಗೆ, ವೇಗ ಗಂಟೆಗೆ 25 ಕಿಲೋಮೀಟರಿನೊಳಗೆ ಇದ್ದರೆ ಅದು ಮೋಟಾರು ವಾಹನವೇ ಅಲ್ಲ. ಲೈಸೆನ್ಸೂ ಬೇಡ, ನಂಬರ್ ಪ್ಲೇಟೂ ಬೇಡ. ಅಂದರೆ ಸರ್ಕಾರದ ದೃಷ್ಟಿಯಲ್ಲಿ ಅವರು ನಮ್ಮ ಕುಲದವರೇ. ನಾನು ಒಪ್ಪುವುದಿಲ್ಲ. ನನ್ನಂಥ ಸಾಧಾರಣ ಮೈಕಟ್ಟಿನವನು ಗಂಟೆಗಟ್ಟಲೆ ತುಳಿಯಬಲ್ಲದ್ದು ನೂರು ವ್ಯಾಟಿನೊಳಗೆ. 250 ಅಂದರೆ ಬೆನ್ನ ಹಿಂದೆ ಕಾಣದ ಹಾಗೆ ಇನ್ನಿಬ್ಬರು ಆಳುಗಳನ್ನು ಕೂರಿಸಿಕೊಂಡು ಪಾಲು ಕೇಳಲು ಬಂದ ಹಾಗೆ. ಇಂಥ ದತ್ತುಪುತ್ರರನ್ನು ದಾಯಾದಿಗಳೆಂದು ಒಪ್ಪಿಕೊಳ್ಳುವ ಮೊದಲು ಕುಟುಂಬದ ಹಿರಿಯರನ್ನು, ಅಂದರೆ ಅಟ್ಲಾಸಿನವರನ್ನು, ಒಂದು ಮಾತು ಕೇಳಬೇಕಿತ್ತು.

ಮೊನ್ನೆ ಸಂಜೆ ಮನೆಯ ಹತ್ತಿರದ ಏರಿನಲ್ಲಿ ಅಂಥ ಹುಡುಗನೊಬ್ಬ ಬ್ಯಾಟರಿ ಮುಗಿದ ಗಾಡಿಯನ್ನು ತಳ್ಳಿಕೊಂಡು ಹೋಗುತ್ತಿದ್ದ. ದಿನವೂ ಅದೇ ಏರಿನಲ್ಲಿ ಸುಯ್ ಅಂತ ನನ್ನನ್ನು ದಾಟುತ್ತಿದ್ದವನೇ. ಬೆನ್ನಿನ ಮೇಲೆ ದೊಡ್ಡ ಡಬ್ಬದ ಚೀಲ. ಮೊದಲ ಗೇರಿನಲ್ಲಿ, ಅಂದರೆ ಕಾಲು ಬಹಳ ತಿರುಗಿ ಚಕ್ರ ಸ್ವಲ್ಪ ಮಾತ್ರ ತಿರುಗುವ ಗೇರಿನಲ್ಲಿ, ನಾನು ಹತ್ತಿರಕ್ಕೆ ಹೋದೆ. ರಸ್ತೆ ಪೂರ್ತಿ ಖಾಲಿಯಿತ್ತು. ಬೆಲ್ ಮಾಡುವ ಅಗತ್ಯ ಇರಲಿಲ್ಲ. ಮಾಡಿದೆ.

ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟು, “ಹೋಗಿ ಅಂಕಲ್, ಹೋಗಿ ಹೋಗಿ. ನಾಳೆ ಫುಲ್ ಚಾರ್ಜ್ ಮಾಡ್ಕೊಂಡೇ ಬರ್ತೀನಿ” ಅಂದ.